ಗಂಟಿಲ್ಲದ ಶೇಂಗಾ ಬೇರು

ಹಟ್ಟಿಕೇರಿ, ಫೆಬ್ರುವರಿ ೨೦೦೯

ಆಯಿ,

ಮೀನಿನ ಬೋಟು ಹತ್ತಿದರೆ ನನಗೆ ವಾಂತಿ ಬರುತ್ತದೆ ಎಂಬುದನ್ನು ಇಷ್ಟು ವರ್ಷ ನಿನ್ನಿಂದ ಮುಚ್ಚಿಟ್ಟಿದ್ದೆ. ಅದಕ್ಕೇ ಕಾರವಾರ ಬಿಟ್ಟು ಇಲ್ಲಿ ನಾಗಪತಿ ಸರ್ ಅವರ ಮಣ್ಣಿನ ಪ್ರಯೋಗಕ್ಕೆ ಸೇರಿದೆ.

ಬೆಳೆ ಹೆಚ್ಚುತ್ತದೆಯೇ ನೋಡಲು ಈ ಊರಿನ ಮಾದೇವಕ್ಕನ ಶೇಂಗಾ ಗದ್ದೆಯ ಒಂದು ಮೂಲೆಗೆ ನ್ಯಾನೋ ಕಾರ್ಬನ್ ಎಂಬ ಕಪ್ಪು ಪುಡಿ ಹಾಕಿದ್ದೆವು, ದೀಪದ ಮಸಿಗಿಂತ ನುಣುಪು. ಇವತ್ತು ಗಿಡ ಕಿತ್ತು ನೋಡಿದೆವು. ಬೇರೆ ಕಡೆಯ ಬೇರುಗಳಲ್ಲಿ ಸಾಸಿವೆಯಂಥ ಗಂಟುಗಳು ತುಂಬಿದ್ದವು. ಆ ಮೂಲೆಯವುಗಳಲ್ಲಿ ಒಂದೂ ಇಲ್ಲ.

ಮಾದೇವಕ್ಕನಿಗೆ ಖುಷಿಯೋ ಖುಷಿ. "ನಮ್ಮ ಬದನೆಗೆ ಬಿದ್ದಿದ್ದ ಗಂಟುರೋಗನೇ ಇದು. ಪೂರಾ ಹೋಯ್ತಲೋ ತಮ್ಮಾ. ನಾಳೆ ಇಡೀ ಗದ್ದೆಗೆ ಹಾಕ್ತೆ."

ಪ್ರಯೋಗಕ್ಕೆ ಇಡೀ ಗದ್ದೆ ಸಿಗುತ್ತದೆಂದು ಸರ್ ನನಗೆ ಸುಮ್ಮನಿರಲು ಕಣ್ಸನ್ನೆ ಮಾಡಿದರು. ನನ್ನಿಂದ ಆಗಲಿಲ್ಲ.

"ಶೇಂಗಾಕ್ಕೆ ಅದು ರೋಗ ಅಲ್ಲ ಮಾದೇವಕ್ಕಾ. ಗಿಡಕ್ಕೆ ಗೊಬ್ಬರ ಮಾಡಿಕೊಡೋ ಜೀವಾಣು ಆ ಗಂಟಿನಾಗೇ ಇರ್ತವೆ. ಸರ್ರೇ ನಂಗೆ ಹೇಳಿಕೊಟ್ಟದ್ದು. ಈ ಪುಡಿಗೆ ಅವು ಸತ್ತಿರ್ಬೇಕು."

ಅವಳು ಸರ್ ಮುಖ ನೋಡಿದಳು. "ಹೌದನ್ರಾ?"

ಸರ್ ಕಿತ್ತ ಗಿಡಗಳನ್ನು ಒಟ್ಟುಮಾಡತೊಡಗಿದರು. ಅವಳು ಪುಡಿಯ ಚೀಲವನ್ನು ತಾನೇ ಎತ್ತಿ ರಸ್ತೆಯ ಮೇಲಿಟ್ಟು ಬಂದಳು. ಆಮೇಲೆ ಸರ್ ನನಗೆ, "ನಿನ್ನ ಕೆಲಸ ಮುಗೀತು" ಎಂದರು.

ಆ ಪುಡಿಗೆ ಹೆದರಬೇಡ, ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಕೆಲಸ ಮಾಡಿದ್ದೇನೆ, ಕೆಮ್ಮಿಲ್ಲ. ನಾಳೆ ಇಲ್ಲಿಂದ ಮನೆಗೆ ಹೊರಡುತ್ತೇನೆ; ಬೋಟಿಗೆ ಮಾತ್ರ ಹೋಗು ಎನ್ನಬೇಡ.

ಕಿಶನ