ಎಳೀಬೇಡ, ನೀರು ಬಿಡು

ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಗುಬ್ಬಿ,

ಹೇಗಿದ್ದೀಯ? ಮಂಡಿನೋವು ಇಳಿಯಿತೇ? ನಿನ್ನ ಕಾಗದ ಬಂದು ಮೂರು ತಿಂಗಳಾಯಿತು, ಬೈಯುವುದಿದ್ದರೆ ಬೈದುಬಿಡು. ಕೆಲಸವಿತ್ತೆಂದು ಸುಳ್ಳು ಹೇಳಲಾರೆ. ಬರೆಯಲು ಕುಳಿತಾಗಲೆಲ್ಲ ಎರಡು ಸಾಲಿಗೇ ಕೈ ನಿಂತುಬಿಡುತ್ತಿತ್ತು.

ಹೋದ ತಿಂಗಳು ಬಟ್ಟೆ ಹೊಲಿಯುವ ಹೆಂಗಸೊಬ್ಬಳು ಬಂದಳು. ಆರು ತಿಂಗಳಿಂದ ತಲೆನೋವು, ವಾಂತಿ. ಈಗ ಸೂಜಿಗೆ ದಾರ ಪೋಣಿಸಲೂ ಕೈ ಮಾತು ಕೇಳುತ್ತಿಲ್ಲ. ಮನೆಯವರು "ಕೆಲಸಗಳ್ಳಿ" ಅಂದಿದ್ದರಂತೆ. ಸ್ಕ್ಯಾನಿನಲ್ಲಿ ನೋಡಿದರೆ ಮಿದುಳಿನೊಳಗೆ ಕಿತ್ತಳೆ ಗಾತ್ರದ ನೀರಿನ ಚೀಲ, ಅಂಚು ಕೈವಾರದಲ್ಲಿ ಗೀಚಿದಂತೆ. ಇಂಥ ಚೀಲ ಕಂಡಾಗಲೆಲ್ಲ ನೀನು ಕೇಳುತ್ತಿದ್ದ ಪ್ರಶ್ನೆಯನ್ನೇ ಕೇಳಿದೆ: "ಮನೇಲಿ ನಾಯಿ ಇದ್ಯಾ?"

"ಇದೆ ಮೇಡಂ. ಕಚ್ಚಲ್ಲ, ಧೈರ್ಯವಾಗಿ ಬನ್ನಿ" ಅಂದಳು!

ನಗು ತಡೆದುಕೊಂಡು, ನಾಯಿಯ ಹೊಟ್ಟೆಯ ಹುಳದ ಮೊಟ್ಟೆ ಕೈಯಿಂದ ಬಾಯಿಗೆ ಹೋದರೆ ಹೀಗೆ ಚೀಲ ಕಟ್ಟುತ್ತದೆ ಎಂದು ವಿವರಿಸಿದೆ. ರಕ್ತಪರೀಕ್ಷೆಯೂ ಅದನ್ನೇ ಹೇಳಿತು.

ಹತ್ತು ದಿನದ ಹಿಂದೆ ಆಪರೇಷನ್ ಮಾಡಿದೆ. ಚೀಲ ಒಡೆದು ಒಳಗಿನ ನೀರು ಚೆಲ್ಲಿದರೆ ಜೀವಕ್ಕೇ ಕುತ್ತು, ನಿನಗೆ ಗೊತ್ತಲ್ಲ. ತಲೆಬುರುಡೆ ತೆರೆದು, ಟೇಬಲ್ಲಿನ ತಲೆಭಾಗ ತಗ್ಗಿಸಿ, ಮಿದುಳಿಗೂ ಚೀಲಕ್ಕೂ ನಡುವೆ ಮೆಲ್ಲಗೆ ಸಲೈನ್ ಬಿಡತೊಡಗಿದೆವು. ಇಕ್ಕಳ ಹಿಡಿಯಲು ಕೈ ತುರಿಸುತ್ತಿತ್ತು. ಆಗ ಎಡಗಡೆಯಿಂದ ನಿನ್ನ ದನಿ ಕೇಳಿದಂತಾಯಿತು: "ಎಳೀಬೇಡ ಕಣೇ, ನೀರು ಬಿಡು. ತಾನಾಗೇ ಬರುತ್ತೆ." ತಿರುಗಿ ನೋಡಿದರೆ ಸಿರಿಂಜು ಹಿಡಿದ ನರ್ಸ್, ಪಾಪ, ಗಾಬರಿಯಾಗಿದ್ದಳು. ನಲವತ್ತು ನಿಮಿಷ ಕಾದೆ ಗುಬ್ಬಿ, ನಾನು! ಚೀಲ ಇಡಿಯಾಗಿ ತೇಲಿ ಬಂದು ಬಟ್ಟಲಿಗೆ ಜಾರಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ನನಗೆ ಅಳು ಬಂತು. ನಾವು ಒಟ್ಟಿಗೆ ಟೇಬಲ್ಲಿನ ಬಳಿ ನಿಂತು ಇಪ್ಪತ್ತಾರು ವರ್ಷವಾದರೂ ಎಡಗಡೆಯ ಆ ಜಾಗ ನಿನ್ನದೇ. ನೀನಿಲ್ಲದೆ ಬೇಸರ ಕಣೇ, ಬಹಳ ಬೇಸರ.

ನಿನ್ನೆ ಆ ಹೊಲಿಯುವ ಹೆಂಗಸು ನನ್ನ ಕೋಟಿನ ಗುಂಡಿ ಸಡಿಲವಾಗಿದೆಯೆಂದು ಗದರಿ, ಸೂಜಿ ತರಿಸಿ, ಎರಡನೇ ಸಲಕ್ಕೆ ದಾರ ಪೋಣಿಸಿದಳು.

ನಮ್ಮ ಆ ಹಳೆಯ ಆಪರೇಷನ್ ಆದಮೇಲೆ ನೀನು ಮತ್ತೆ ಚಾಕು ಮುಟ್ಟಲಿಲ್ಲ. ಅಂಗರಚನೆಯ ಪಾಠ ಹೇಳುತ್ತ ಆ ದೂರದ ಊರಲ್ಲೇ ಉಳಿದುಬಿಟ್ಟೆ. ಒಮ್ಮೆ ಬಾ. "ಆತುರಗಾರರಿಗೆ ಬುದ್ಧಿ ಮಟ್ಟ" ಎಂದು ರೇಗಿಸುವುದಕ್ಕಾದರೂ ಬಾ. ನಿನ್ನ ಮಂಡಿಗೂ ಮನಸ್ಸಿಗೂ ದೇವರು ನೆಮ್ಮದಿ ಕೊಡಲಿ.

ನಿನ್ನ,
ಆತುರಗಾತಿ

ತಾ.ಕ.: ಮರೆತಿದ್ದೆ ಎನ್ನಲಾರೆ, ಇದನ್ನು ಬರೆಯಲೆಂದೇ ಕುಳಿತದ್ದು. ನಮ್ಮ ಆ ಹಳೆಯ ಆಪರೇಷನ್ನಿನಲ್ಲಿ ಚೀಲ ಒಡೆದು ನಮ್ಮ ರೋಗಿ, ಆ ತಾಯಿ, ಟೇಬಲ್ಲಿನ ಮೇಲೇ ತೀರಿಕೊಂಡಾಗ, ದೊಡ್ಡ ಡಾಕ್ಟರು ಬಂದು "ಯಾರು ಎಳೆದದ್ದು?" ಎಂದರು. ಎಳೆದವಳು ನಾನು. ನೀನು ನನ್ನ ಮುಖ ನೋಡಿದೆ; ನಾನು ನೆಲ ನೋಡಿದೆ. ಆಮೇಲೆ ನೀನೇ "ನಾನು ಸರ್" ಅಂದುಬಿಟ್ಟೆ. ಈ ಸಲ ಚಪ್ಪಾಳೆ ನಿಂತ ಮೇಲೆ ಎಲ್ಲರೆದುರು ಇದನ್ನು ಹೇಳಿದೆ. ಎಲ್ಲರೂ ಹೊಲಿಗೆ ಹಾಕುವ ಕೆಲಸಕ್ಕೆ ತಿರುಗಿದರು. ನೀನಾದರೂ ಬೈದು ಬರೆ, ಗುಬ್ಬಿ.