ಮೂರು ಗಂಟೆಯ ದಾರಿ

ಉಡುತಡಿ, ಶಿಕಾರಿಪುರ ತಾಲ್ಲೂಕು
ಸೋಮವಾರ, ೧೦-೩-೨೦೨೫

ಮಗಳೇ ನಾಗಶ್ರೀ,

ಹೇಗಿದ್ದೀಯಮ್ಮಾ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ, ಇಲ್ಲ ಕೆಲಸಕ್ಕಿರುವ ಆ ಮನೆಯ ಮುದುಕಿಗೆ ಉಣಿಸಿ ನೀನು ಹಾಗೇ ಮಲಗುತ್ತೀಯಾ? ಅಳು ಬಂದರೆ ಅತ್ತುಬಿಡು. ತಡೆದುಕೊಂಡರೆ ನಿನಗೆ ತಲೆನೋವು ಬರುತ್ತದೆ, ಚಿಕ್ಕಂದಿನಿಂದಲೂ ಹಾಗೇ. ನನಗೆ ಮಂಡಿನೋವು ಬಿಟ್ಟರೆ ಬೇರೇನಿಲ್ಲ. ಫೋನಿನಲ್ಲಿ ಇಷ್ಟೆಲ್ಲ ಹೇಳಲಾಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನೀನು ನಮ್ಮ ಮನೆಯಲ್ಲಿದ್ದು ಶಾಲೆಗೆ ಹೋಗುತ್ತಿದ್ದಾಗ ನಿನ್ನ ಪುಸ್ತಕ ನೋಡಿಯೇ ಕಲಿತ ಅಕ್ಷರ ಇವು, ಸೊಟ್ಟಗಿದ್ದರೆ ನಗಬೇಡ. ಮೊಮ್ಮಗಳು ದಿವ್ಯ ಫೋಟೊ ತೆಗೆದು ಮಸ್ಕತ್ತಿಗೆ ಕಳಿಸುತ್ತಾಳೆ.

ನಿನ್ನ ಅಮ್ಮ ಹೋದಮೇಲೆ ನಿಮ್ಮೂರು ಜಡೆಯಲ್ಲೇ ಇದ್ದು, ನಿನ್ನೆ ನಮ್ಮ ಊರಿಗೆ ಬಂದೆ. ನಾನು ಸೊಂಟದ ಮೇಲೆ ಹೊತ್ತು ಬೆಳೆಸಿದ ತಂಗಿ, ನನ್ನನ್ನು ದಾಟಿ ಮುಂದೆ ಹೋದಳು. ಹಾಲುತುಪ್ಪ ಬಿಡುವ ದಿನ ಅವಳನ್ನು ಮಣ್ಣು ಮಾಡಿದ ಗುಡ್ಡೆಯ ಹತ್ತಿರ ಏನಾಯಿತೆಂದು ನಿನಗೆ ಯಾರೂ ಸರಿಯಾಗಿ ಹೇಳಿರಲಿಕ್ಕಿಲ್ಲ. ಮೊದಲ ಹಾಲು ಹಿರಿಮಗಳದು ಅಲ್ಲವೇ ನಮ್ಮಲ್ಲಿ? ನಿನ್ನ ತಮ್ಮ ರಾಜು ಫೋನು ಹಿಡಿದು, ಮಸ್ಕತ್ತಿನಿಂದ ಬೆಂಗಳೂರಿಗೆ ಎರಡು ಸಾವಿರದ ಮುನ್ನೂರು ಚಿಲ್ಲರೆ ಕಿಲೋಮೀಟರು, ವಿಮಾನದಲ್ಲಿ ಮೂರೇ ಗಂಟೆ ಎಂದು ಕಂಡಕಂಡವರಿಗೆಲ್ಲ ತೋರಿಸಿಕೊಂಡು ಬಂದ. "ಅಕ್ಕ ಬಂದೇ ಬರ್ತಾಳೆ. ಶಿವಮೊಗ್ಗದ ಆಸ್ಪತ್ರೆಗೆ ಹೋಗಿ ಬರೋಕ್ಕಿಂತ ಹತ್ರ ಐತೆ" ಅಂದ. ನಾವೂ ನಂಬಿದೆವು. ನಿನ್ನ ಪಾಸ್‌ಪೋರ್ಟು ಆ ಮನೆಯ ಯಜಮಾನನ ಬೀರುವಿನಲ್ಲಿದೆ, ಅವನು ಬೇರೆ ಊರಿಗೆ ಹೋಗಿದ್ದಾನೆ ಎಂಬುದು ಆ ಫೋನಿಗೆ ಹೇಗೆ ಗೊತ್ತಿರಬೇಕು? ಬೆಂಗಳೂರಿಗೆ ಇಳಿದ ಮೇಲೂ ಜಡೆಗೆ ಒಂದು ರಾತ್ರಿಯ ಬಸ್ಸಿದೆ ಎಂಬುದು ನಮ್ಮ ತಲೆಗಾದರೂ ಹೊಳೆಯಬೇಡವೇ!

ಬಿಸಿಲು ಏರಿತು. ಹಿರಿಯರು ಪರಮಶಿವಪ್ಪ "ಬಿಡ್ರಪ್ಪಾ, ಎಷ್ಟಂತ ಕಾಯೋದು" ಅಂದರೂ ರಾಜು ಒಪ್ಪಲಿಲ್ಲ. ಕೊನೆಗೆ ನಿನ್ನ ಫೋನು ಬಂತು, ಬರಲಾಗುವುದಿಲ್ಲ ಎಂದು. ಮುಚ್ಚಳ ತೆಗೆದರೆ ತಂಬಿಗೆಯ ಹಾಲು ಒಡೆದು ನೀರೇ ಬೇರೆಯಾಗಿತ್ತು. ಒಡೆದ ಹಾಲನ್ನು ಅಮ್ಮನ ಮೇಲೆ ಬಿಡಲಾಗುತ್ತದೆಯೇ? ರಾಜು ತಂಬಿಗೆಯನ್ನು ಬೇಲಿಗೆ ಎಸೆದು, "ಮೂರು ಗಂಟೆ ದಾರಿ ಬರೋಕಾಗ್ದೋಳು ಇನ್ಮೇಲೆ ಈ ಮನೆ ಹೊಸ್ತಿಲು ತುಳಿಯೋದು ಬ್ಯಾಡ" ಅಂದುಬಿಟ್ಟ. ಫೋನು ಇನ್ನೂ ಅವನ ಕೈಯಲ್ಲೇ ಇತ್ತು, ಆ ಮಾತು ನಿನಗೂ ಕೇಳಿಸಿರಬೇಕು. ಆಮೇಲೆ ಕೆಂಪಪ್ಪನ ಮನೆಯಿಂದ ಬೇರೆ ಹಾಲು ತಂದರು. ನಿನ್ನ ಹೆಸರು ಹೇಳಿ ನಾನೇ ಮೊದಲು ಬಿಟ್ಟೆ. ಅರ್ಧ ಸೀರೆಯ ಮೇಲೇ ಚೆಲ್ಲಿತು. ಅವಳಿದ್ದಿದ್ದರೆ "ಅಕ್ಕಾ, ನಿಂಗೆ ಹಾಲು ಬಗ್ಸೋಕೂ ಬರಲ್ವಲ್ಲೇ" ಅಂತ ನಗುತ್ತಿದ್ದಳು.

ಅಂದಿನಿಂದ ನೀನು ಅವನಿಗೆ ಫೋನು ಮಾಡಿಲ್ಲ, ಅವನೂ ಮಾಡಿಲ್ಲ. ಮೊದಲೆಲ್ಲ ನೀವು ಜಗಳವಾಡಿದರೆ ಇಬ್ಬರನ್ನೂ ಬೈದು ಮಾತಾಡಿಸಲು ಅಮ್ಮ ಇದ್ದಳು. ಈಗ ಯಾರಿದ್ದಾರೆ? ಅವಳು ಹೋದದ್ದಕ್ಕಿಂತ ಇದೇ ನನ್ನನ್ನು ಹೆಚ್ಚು ಸುಡುತ್ತಿದೆ.

ಮೈ ನೋಡಿಕೋ ಮಗಳೇ. ನಿನ್ನ ಅಮ್ಮನ ಪಾಲಿನ ಹಾರೈಕೆಯನ್ನೂ ಸೇರಿಸಿ ನಾನೇ ಹರಸುತ್ತಿದ್ದೇನೆ.

ನಿನ್ನ ದೊಡ್ಡಮ್ಮ,
ಹಾಲಮ್ಮ

ತಾ.ಕ.: ದಿವ್ಯ ಬಸ್ಸಿಗೆ ಹೊರಟು ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಅಮ್ಮನ ಬಾಯಿಗೆ ಕೊನೆಯ ನೀರು ಬಿಟ್ಟವಳು ನಾನು, ರಾಜು ಅಲ್ಲ. ಅವತ್ತು ಅವನು ಆನವಟ್ಟಿಯ ಆಚೆ ಯಾರದೋ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ್ದ. ಸಂಜೆಯೇ ಫೋನು ಮಾಡಿ ಕರೆದೆ. "ಮರಿ ಹಾಕೋ ಕುರಿ ಅದಾವೆ ದೊಡ್ಡಮ್ಮಾ, ಒಬ್ನೇ ಇದೀನಿ. ಬೆಳಕು ಹರೀಲಿ, ಬರ್ತೀನಿ" ಅಂದ. ಬೆಳಕು ಹರಿಯುವಷ್ಟರಲ್ಲಿ ಅವಳು ಇರಲಿಲ್ಲ. ಬೈಕಿನಲ್ಲಿ ಅರ್ಧ ಗಂಟೆಯ ದಾರಿ ಅದು. ಅವನು ಅದರ ಮಾತೆತ್ತುವುದಿಲ್ಲ, ಕುರಿಯ ಹತ್ತಿರವೂ ಹೋಗುತ್ತಿಲ್ಲ. ಬೈಕಿನ ಬೀಗದಕೈ ಹಿಡಿದು ಜಗಲಿಯಲ್ಲಿ ಕೂತಿರುತ್ತಾನೆ. ಅವನು ಬೈದದ್ದು ನಿನ್ನನ್ನಲ್ಲ ಮಗಳೇ. ನೀನೇ ಮೊದಲು ಫೋನು ಮಾಡು. ನಾನು ಹೇಳಿದೆನೆಂದು ಹೇಳಬೇಡ. ಊಟ ಆಯ್ತೇನೋ ಅಂತ ಕೇಳು, ಅಷ್ಟೇ ಸಾಕು.