ಕಿಟಕಿ ಕಡೆಯ ಕೈ

ಶನಿವಾರ, ಮಾರ್ಚ್ ೭

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದಗಳು.

ಚೆನ್ನಾಗಿದ್ದೇನೆ ಎಂದು ಬರೆಯೋಣವೆಂದರೆ ಎಡ ಮೊಣಕಾಲು ಒಪ್ಪುವುದಿಲ್ಲ. ಉಳಿದಂತೆ ಎಲ್ಲ ಕ್ಷೇಮ. ನಿನ್ನ ಕೈಗೆ ಆಪರೇಷನ್ ಆಗಿ ಇಪ್ಪತ್ತು ದಿನವಾಯಿತು, ಈಗ ಕಾಗದ ಬರೆಯುತ್ತಿದ್ದೇನೆ. ತಡವಾದದ್ದಕ್ಕೆ ಬೈದುಕೋ. ದಿನಾ ಫೋನಿನಲ್ಲಿ ಮಾತಾಡಿದೆವಲ್ಲ ಎನ್ನುತ್ತೀಯ. ಫೋನಿನಲ್ಲಿ ನೀನು "ಏನಿಲ್ಲಕ್ಕ, ಚೆನ್ನಾಗಿದೀನಿ" ಅನ್ನುತ್ತೀಯ, ನಾನು "ಸರಿ, ಹುಷಾರು" ಅನ್ನುತ್ತೇನೆ, ಅಲ್ಲಿಗೆ ಮುಗಿಯಿತು. ಈ ಕಾಗದವನ್ನು ಮೂರು ಸಲ ಬರೆದು ಮೂರು ಸಲ ಹರಿದಿದ್ದೇನೆ.

ಹೊಲಿಗೆ ಬಿಚ್ಚಿದರೆಂದು ನಿನ್ನ ಹೆಂಡತಿ ಹೇಳಿದಳು. ಕ್ಯಾನ್ಸರನ್ನು ಪೂರ್ತಿ ತೆಗೆದಿದ್ದಾರೆ, ಬೇರೆಲ್ಲೂ ಹರಡಿಲ್ಲ ಎಂದು ಚರ್ಮದ ಡಾಕ್ಟರು ಹೇಳಿದ್ದನ್ನು ಅವಳಿಂದ ಎರಡು ಸಲ ಹೇಳಿಸಿಕೊಂಡೆ. ಬಲಗೈ ಹಸ್ತದ ಹಿಂದೆ, ಗೆಣ್ಣುಗಳ ಹತ್ತಿರ, ಐದು ತಿಂಗಳಿಂದ ಮಾಯದ ಹುಣ್ಣನ್ನು ಸೊಳ್ಳೆ ಕಚ್ಚಿದ್ದು ಅಂದುಕೊಂಡು ತಿರುಗಿದೆಯಲ್ಲ, ನಿನಗೆ ಏನು ಹೇಳಲಿ! "ನಮ್ಮಂಥ ಕಪ್ಪು ಚರ್ಮದೋರಿಗೆ ಬಿಸಿಲು ಏನು ಮಾಡುತ್ತೆ ಡಾಕ್ಟ್ರೇ?" ಎಂದು ನೀನು ಕೇಳಿದ್ದಕ್ಕೆ ಆಕೆ "ತೊಂದರೆ ಕಡಿಮೆ ಮಾಡುತ್ತೆ, ಆದ್ರೆ ಪೂರ್ತಿ ಬಿಡಲ್ಲ" ಅಂದರಂತೆ. ನಿನ್ನ ಎರಡೂ ಕೈಗಳನ್ನು ಮೇಜಿನ ಮೇಲೆ ಜೋಡಿಸಿ ಇಡಿಸಿ, "ಇವೆರಡೂ ಒಬ್ಬರದೇನಾ?" ಎಂದೂ ಕೇಳಿದರಂತೆ.

ಅದಕ್ಕೆ ನಾನು ಉತ್ತರ ಹೇಳಬಲ್ಲೆ. ಇಪ್ಪತ್ತಾರು ವರ್ಷ ನೀನು ಬಸ್ಸು ಓಡಿಸಿದ್ದು ಒಂದೇ ರೂಟಿನಲ್ಲಿ. ಬೆಳಿಗ್ಗೆ ಉತ್ತರಕ್ಕೆ, ಮಧ್ಯಾಹ್ನ ವಾಪಸು ದಕ್ಷಿಣಕ್ಕೆ. ಹೋಗುವಾಗ ಬಿಸಿಲು ಬಲಗಡೆ, ಬರುವಾಗಲೂ ಬಲಗಡೆ. ಸೂರ್ಯನೂ ನಮ್ಮ ಡಿಪೋದಲ್ಲೇ ಡ್ಯೂಟಿ ಬರೆಸಿಕೊಂಡವನಂತೆ ನಿನ್ನ ಕಿಟಕಿಗೆ ಅಂಟಿಕೊಂಡೇ ಬಂದ.

ನನಗೆ ಎಲ್ಲ ನೆನಪಿದೆ. ನಿನ್ನ ಕೈ ಉರಿಯುತ್ತದೆಂದು ನಿನ್ನ ಹೆಂಡತಿ ಹಳೆಯ ಹಾಸಿಗೆ ಬಟ್ಟೆ ಕತ್ತರಿಸಿ ಒಂದು ಬಿಳಿ ತೋಳು ಹೊಲಿದುಕೊಟ್ಟಳು. ಅರ್ಧ ತೋಳಿನ ಖಾಕಿ ಅಂಗಿಯ ಕೆಳಗೆ ಅದನ್ನು ಏರಿಸಿಕೊಂಡು ನೀನು ಡಿಪೋ ಗೇಟಿಗೆ ಬಂದರೆ ಆ ಇನ್‌ಸ್ಪೆಕ್ಟರು ತಡೆದ. "ಒಂದೇ ಕೈಗೆ ತೋಳು ಹಾಕ್ಕೊಂಡು ಯಾವ ನಾಟಕಕ್ಕಯ್ಯಾ ಹೊರಟೆ? ಸಮವಸ್ತ್ರ ಅಂದ್ರೆ ಸಮವಸ್ತ್ರ. ತೆಗಿ!" ಎಲ್ಲರ ಎದುರಿಗೆ ತೆಗೆದೆ. ಅದೇ ವಾರ ನೀವು ಹನ್ನೊಂದು ಜನ ಡ್ರೈವರುಗಳು ಸೇರಿ ಅರ್ಜಿ ಬರೆದಿರಿ: ಕಿಟಕಿ ಕಡೆಯ ಕೈಗೆ ಬಟ್ಟೆಯ ತೋಳು ಹಾಕಿಕೊಳ್ಳಲು ಅನುಮತಿ ಬೇಕು. ಮೂರೇ ಸಾಲು. ಮಾದರಿಗೆಂದು ಆ ತೋಳನ್ನೇ ಮಡಚಿ ಗುಂಡುಸೂಜಿಯಿಂದ ಅರ್ಜಿಗೆ ಚುಚ್ಚಿದಿರಿ. ಅದು ನಿನ್ನ ಕಂಡಕ್ಟರ್ 'ರೈಟ್ ರೈಟ್'ನ ಉಪಾಯ. "ಕಣ್ಣಲ್ಲಿ ನೋಡ್ಲಿ ಸಾಹೇಬ್ರು, ಕಚ್ಚಲ್ಲ ಅದು" ಅಂದಿದ್ದ. ಮೊದಲ ಸಹಿ ನಿನ್ನದು.

ಅರ್ಜಿ ಕೊಟ್ಟದ್ದು ನನ್ನ ಕೈಗೆ. ಮೂವತ್ತೊಂದು ವರ್ಷ ಆ ಡಿಪೋದ ಟಪಾಲು ಕಿಟಕಿಯಲ್ಲಿ ಕೂತವಳು ನಾನಲ್ಲವೆ? ಬಂದ ಪ್ರತಿ ಕಾಗದಕ್ಕೂ ಸೀಲು ಹೊಡೆದು, ನಂಬರು ಹಾಕಿ, ಆವಕ ಪುಸ್ತಕದಲ್ಲಿ ಬರೆದು, ಮ್ಯಾನೇಜರ ಮೇಜಿಗೆ ಕಳಿಸುವುದು ನನ್ನ ಕೆಲಸ. ಒಂದು ತಿಂಗಳಾದ ಮೇಲೆ "ಮೇಲಿಂದ ಆಗಲ್ಲ ಅಂತ ಬಂತು ಕಣೋ" ಎಂದು ನಿನಗೆ ಹೇಳಿದ್ದೂ ನಾನೇ. ನೀನು ಟೀ ಲೋಟ ತೊಳೆಯುತ್ತ, "ಹೋಗ್ಲಿ ಬಿಡಕ್ಕ, ನೀನೇನು ಮಾಡ್ತೀಯ" ಅಂದೆ. ಆಮೇಲೆ ಹತ್ತೊಂಬತ್ತು ವರ್ಷ ಬರಿಗೈಯಲ್ಲಿ ಓಡಿಸಿದೆ.

ಆ ಹತ್ತೊಂಬತ್ತು ವರ್ಷವೂ ನಾನು ಅಧಿಕಾರಿಗಳನ್ನು ಬೈದದ್ದನ್ನು ನೀನು ಕೇಳಿದ್ದೀಯ. ಕಟ್ಟಿಕೊಂಡ ಚರಂಡಿ, ಒಡೆದ ಫುಟ್‌ಪಾತು, ಬಸ್ ಸ್ಟಾಪಿನ ಮರ ಕಡಿದು ಅದೇ ಜಾಗದಲ್ಲಿ ಪರಿಸರ ದಿನದ ಬೋರ್ಡು ನೆಟ್ಟದ್ದು, ಯಾವುದರ ಬಗ್ಗೆ ನಾನು ಪತ್ರಿಕೆಗೆ ಬರೆಯದೆ ಬಿಟ್ಟೆ? "ಬಿಟ್ರೆ ಅಕ್ಕ ಸೂರ್ಯನಿಗೂ ನೋಟೀಸು ಕೊಡ್ತಾಳೆ" ಎಂದು ನೀನು ನಗುತ್ತಿದ್ದೆ.

ಈಗ ಡಿಪೋದ ಸುದ್ದಿ. ನಿನ್ನ ಆಪರೇಷನ್ ವಿಷಯ ತಿಳಿದ ಮೇಲೆ ಅಲ್ಲಿ ಆರೋಗ್ಯ ದಿನ ಮಾಡಿದರು. ರೈಟ್ ರೈಟ್ ನನ್ನನ್ನೂ ಕರೆದುಕೊಂಡು ಹೋದ. ಮುಖ್ಯ ಅತಿಥಿ ತಾನು ಶಾಮಿಯಾನದ ನೆರಳಲ್ಲಿ ನಿಂತು, ಡ್ರೈವರುಗಳನ್ನು ಬಿಸಿಲಲ್ಲಿ ನಿಲ್ಲಿಸಿ, ಬಿಸಿಲಿನ ಅಪಾಯದ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದ. ಕೊನೆಗೆ ತಲೆಗೊಂದು ಸನ್‌ಸ್ಕ್ರೀನ್ ಪೊಟ್ಟಣ, ಕಿರುಬೆರಳಿನಷ್ಟು ಉದ್ದದ್ದು. ಹೊರಡುವ ಮೊದಲು ಧಾರಾಳವಾಗಿ ಹಚ್ಚಬೇಕು, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು ಎಂದು ನಿನ್ನ ಡಾಕ್ಟರು ಹೇಳಿದ್ದಾರಲ್ಲ, ಹಾಗೆ ಹಚ್ಚಿದರೆ ಆ ಪೊಟ್ಟಣ ಒಂದು ಟ್ರಿಪ್ಪಿಗೆ ಮುಗಿಯುತ್ತದೆ. ಫೋಟೋ ಮಾತ್ರ ವರ್ಷವಿಡೀ ಗೋಡೆಯ ಮೇಲಿರುತ್ತದೆ.

ರೈಟ್ ರೈಟ್ ಅಲ್ಲೇ ಪೊಟ್ಟಣ ಹರಿದು ಮುಖಕ್ಕೆಲ್ಲ ಬಳಿದುಕೊಂಡ. ಹುಡುಗರು "ಏನಣ್ಣಾ, ಗೋಡೆಗೆ ಸುಣ್ಣ ಹೊಡೆದಂಗಿದೆ! ಮದುಮಗ ಆಗ್ತಿದೀಯಾ?" ಎಂದು ಶುರುಮಾಡಿದರು. ಅವನು ತಿರುಗಿ, "ನಗ್ರೋ, ನಗ್ರಿ. ನನ್ನ ಡ್ರೈವರ್ ಕೈ ನೋಡಿದೀರಾ?" ಅಂದ. ಒಬ್ಬ ತನ್ನ ಬಲಗೈಯನ್ನು ಎಡಗೈ ಪಕ್ಕ ಹಿಡಿದು ನೋಡಿಕೊಂಡ. ಆಮೇಲೆ ಇನ್ನೊಬ್ಬ.

ಕಾರ್ಯಕ್ರಮ ಮುಗಿದ ಮೇಲೆ ಹೊಸ ಕಲ್ಯಾಣಾಧಿಕಾರಿ ನನ್ನನ್ನು ಒಳಗೆ ಕರೆದಳು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಎದ್ದು ನಿಂತು ಕುರ್ಚಿ ಕೊಟ್ಟಳು. "ಅಮ್ಮಾ, ಗುರುವಾರ ಸಮಿತಿ ಕೂರುತ್ತೆ. ಎಲ್ಲಾ ಡ್ರೈವರ್‌ಗೂ ಉದ್ದ ತೋಳು, ತಿಂಗಳಿಗೊಂದು ದೊಡ್ಡ ಟ್ಯೂಬು, ಟ್ರಿಪ್ ಮಧ್ಯೆ ಹಚ್ಕೊಳ್ಳೋಕೆ ಹತ್ತು ನಿಮಿಷ ಅಂತ ಬರೆದಿದೀನಿ. ಆದ್ರೆ ಅವರದು ಒಂದೇ ಮಾತು. ಇಷ್ಟು ವರ್ಷ ಯಾರೂ ಕೇಳದೇ ಇದ್ದಿದ್ದು ಈಗ್ಯಾಕೆ ಅಂತಾರೆ."

"ಕೇಳಿದ್ದಾರೆ," ಅಂದೆ.

"ರೈಟ್ ರೈಟ್ ಅವರೂ ಹಾಗೇ ಅಂದ್ರು. ಅದಕ್ಕೇ ಆ ವರ್ಷದ ಆವಕ ಪುಸ್ತಕ ಪೂರ್ತಿ ನೋಡಿದೆ. ಎಷ್ಟು ಅಚ್ಚುಕಟ್ಟಾಗಿ ಬರೆದಿದೀರಮ್ಮಾ! ಒಂದು ನಂಬರೂ ತಪ್ಪಿಲ್ಲ. ಆ ಅರ್ಜಿ ಮಾತ್ರ ಇಲ್ಲ. ಅದೊಂದು ಕಾಗದ ಸಿಕ್ಕಿದ್ರೆ ಸಾಕು, ಮಿಕ್ಕಿದ್ದು ನಾನು ನೋಡ್ಕೋತೀನಿ."

ನೀರು ಕೊಟ್ಟಳು, ಕುಡಿದು ಬಂದೆ.

ಕೈಗೆ ಬಿಸಿಲು ತಾಗಿಸಬೇಡ. ಕಿವಿಗೂ ಕತ್ತಿನ ಹಿಂದಕ್ಕೂ ಹಚ್ಚಿಕೋ, ಯಾರಾದರೂ ನಕ್ಕರೆ ನಗಲಿ. ನಿನ್ನ ಹೆಂಡತಿಗೆ ನನ್ನ ಪ್ರೀತಿ ತಿಳಿಸು. ಆಪರೇಷನ್ ಕೋಣೆಯ ಹೊರಗೆ ಅವಳು ಒಬ್ಬಳೇ ಕೂತಿದ್ದಳೆಂದು ನೆನೆದರೆ ಸಂಕಟವಾಗುತ್ತದೆ. ಮಗಳಿಗೆ ಒಳ್ಳೆಯದಾಗಲಿ. ನೀನು ನೂರು ವರ್ಷ ಬಾಳು, ಎರಡೂ ಕೈ ಗಟ್ಟಿಯಾಗಿರಲಿ.

ಇಂತು,
ನಿನ್ನ ಅಕ್ಕ

ತಾ.ಕ.: ಪ್ರತಿ ಸಲ ಕಾಗದ ಹರಿದದ್ದು ಇಲ್ಲಿಗೆ ಬಂದಾಗಲೇ. ಅರ್ಜಿ ಕಳೆದುಹೋಗಿಲ್ಲ. ಅದು ಮೇಲಕ್ಕೆ ಹೋಗಲೇ ಇಲ್ಲ.

ನೀವು ಅದನ್ನು ಕೊಡುವ ಹಿಂದಿನ ದಿನ ನಿನ್ನ ರಜೆ ಚೀಟಿಗೆ ಸೀಲು ಹೊಡೆಯುತ್ತಿದ್ದಾಗ ಆ ಇನ್‌ಸ್ಪೆಕ್ಟರು ಎಲ್ಲರಿಗೂ ಕೇಳುವಂತೆ, "ತಮ್ಮನ ಕಾಗದ, ಅಕ್ಕನ ಸೀಲು. ಮನೇಲೇ ಡಿಪೋ ತೆಗೀಬಹುದಿತ್ತಲ್ಲಮ್ಮಾ!" ಅಂದಿದ್ದ. ನನ್ನವರಿಗೆಂದು ಒಂದು ಕಡ್ಡಿ ಎತ್ತಿಟ್ಟವಳಲ್ಲ ಎಂಬ ಹೆಮ್ಮೆ ನನಗೆ. ಅರ್ಜಿಯ ತಲೆಯಲ್ಲಿ ನಿನ್ನ ಹೆಸರು ಕಂಡಿತು. ಒಂದು ವಾರ ಬಿಟ್ಟು ಕಳಿಸೋಣವೆಂದು ಸೀಲು ಹಾಕದೆ ಡ್ರಾಯರಿನಲ್ಲಿಟ್ಟೆ. ವಾರ ಕಳೆದ ಮೇಲೆ ತಡವೇಕೆಂದು ಬರೆಯಬೇಕಾಗುತ್ತಿತ್ತು, ಬರೆಯಲಿಲ್ಲ. ತಿಂಗಳಿಗೆ ನೀನು ಕೇಳಿದೆ. ಮೇಲಿಂದ ಆಗಲ್ಲ ಅಂತ ಬಂತು ಅಂದೆ. ಮೇಲಿನವರಿಗೆ ಅದು ಗೊತ್ತೇ ಇರಲಿಲ್ಲ. ಕಳಿಸಿದ್ದರೂ ಅವರು ಬೇಡವೆನ್ನುತ್ತಿದ್ದರೇನೋ. ಆ ಸಮಾಧಾನ ನನಗೆ ಬೇಡ.

ನಿವೃತ್ತಿಯ ದಿನ ಅದನ್ನು ಮನೆಗೆ ತಂದು ಪೆಟ್ಟಿಗೆಯ ತಳದಲ್ಲಿಟ್ಟೆ. ಗುರುವಾರ ಸಮಿತಿಯ ಮೇಜಿನ ಮೇಲಿಡುತ್ತೇನೆ. ಅದಕ್ಕೆ ಸೀಲು ಏಕಿಲ್ಲ ಎಂದು ಬರೆದು ಸಹಿ ಮಾಡಿದ ಹಾಳೆಯನ್ನೂ ಜೊತೆಗಿಡುತ್ತೇನೆ. ಅಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ. ಅದಕ್ಕೆ ಮೊದಲು ನಿನಗೆ ಗೊತ್ತಾಗಬೇಕು, ಅದೂ ನನ್ನಿಂದಲೇ. ನೀನು ಉತ್ತರ ಬರೆಯದಿದ್ದರೂ ಸರಿ.

ಇವತ್ತು ಬೆಳಿಗ್ಗೆ ಪೆಟ್ಟಿಗೆ ತೆಗೆದೆ. ಗುಂಡುಸೂಜಿ ತುಕ್ಕು ಹಿಡಿದಿದೆ, ಬಟ್ಟೆ ಇನ್ನೂ ಬೆಳ್ಳಗಿದೆ. ನನ್ನ ಬಲಗೈಗೆ ಹಾಕಿಕೊಂಡು ನೋಡಿದೆ. ಸ್ಟಿಯರಿಂಗ್ ಹಿಡಿದಾಗ ಹಸ್ತಕ್ಕೂ ಬಿಸಿಲು ತಾಗುತ್ತದೆಂದು ನಿನ್ನ ಹೆಂಡತಿ ನಾಲ್ಕು ಬೆರಳು ಉದ್ದ ಬಿಟ್ಟೇ ಹೊಲಿದಿದ್ದಳು. ತೋಳು ನಿನಗೆ ಹೊಲಿಗೆ ಬಿದ್ದ ಜಾಗ ದಾಟಿ ಗೆಣ್ಣುಗಳವರೆಗೂ ಬರುತ್ತದೆ.